ಕೆಂಡದ ಕಬಾಬಿನ ಲೆಕ್ಕ

ನಮ್ಮ ದಾವಣಗೆರೆಯಲ್ಲಿ ಕಬಾಬ್ ಎಂದರೆ ಏನು? ತರಗತಿಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಕೋಳಿಯ ತುಂಡಿಗೆ ಕೆಂಪು ಮಸಾಲೆ ಹಚ್ಚಿ, ಕಾದ ಎಣ್ಣೆಯಲ್ಲಿ ಕರಿದು, ಮೇಲೆ ಕರಿಬೇವು ಉದುರಿಸಿ ಕಾಗದದ ತಟ್ಟೆಯಲ್ಲಿ ಕೊಡುವುದು. ನನಗೂ ಅದು ಇಷ್ಟ. ಆದರೆ ನಮ್ಮ ನಾನಿ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅದು 'ತಲಾ ಹುವಾ ಮುರ್ಗ್', ಅಂದರೆ ಕರಿದ ಕೋಳಿ, ಅಷ್ಟೆ. ಕಬಾಬ್ ಎನ್ನಬೇಕಾದರೆ ಮಾಂಸ ಕೆಂಡದ ಶಾಖ ಕಂಡಿರಬೇಕು. "ಹಾಗಾದರೆ ಶಾಮಿ ಕಬಾಬನ್ನು ನೀವೇ ತವೆಯ ಮೇಲೆ ಎಣ್ಣೆ ಬಿಟ್ಟು ಮಾಡುತ್ತೀರಲ್ಲ?" ಎಂದು ಕೇಳಿದರೆ ತಸ್ಬೀಹ್ ಕೈಗೆ ತೆಗೆದುಕೊಳ್ಳುತ್ತಾರೆ. ಉತ್ತರ ಬರುವುದಿಲ್ಲ.

ಕೆಂಡದ ಕಬಾಬ್ ಎಲ್ಲರಿಗೂ ಇಷ್ಟವಾದರೂ ನಮ್ಮಂಥ ಊರುಗಳಲ್ಲಿ ಅದನ್ನು ಮಾರುವವರು ಏಕೆ ಕಡಿಮೆ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಕಳೆದ ದಸರಾ ರಜೆಯಲ್ಲಿ ನಾವು ಐದು ದಿನ, ಸುಮಾರು 1,600 ಕಿಲೋಮೀಟರ್ ಕಾರಿನಲ್ಲಿ ಸುತ್ತಿದೆವು. ಬರೀ ತಿನ್ನುವ ಆಸೆಯಿಂದ ಹೋಗಿದ್ದಲ್ಲ. ನನ್ನ ಮಾಮೂ ಹನ್ನೊಂದು ವರ್ಷ ಸೌದಿಯಲ್ಲಿ ಗಾಡಿ ಓಡಿಸಿ ಊರಿಗೆ ಮರಳಿದ್ದಾರೆ. ಉಳಿಸಿದ ಹಣದಲ್ಲಿ ಕೆಂಡದ ಕಬಾಬಿನ ಅಂಗಡಿ ಇಡಬೇಕೆಂದು ಅವರ ಆಸೆ. ಸ್ವಲ್ಪ ಹಣ ಸಾಲದೆ ಬಂದಾಗ ಅಬ್ಬಾ, ನನ್ನ ಡಿಗ್ರಿ ಮತ್ತು ಸಿಎ ಕೋಚಿಂಗಿಗೆಂದು ಕೂಡಿಟ್ಟದ್ದರಲ್ಲಿ ಒಂದು ಪಾಲನ್ನು ಬಡ್ಡಿಯಿಲ್ಲದ ಕೈಸಾಲವಾಗಿ, ಅಂದರೆ ಕರ್ಜೆ ಹಸನಾ ಆಗಿ, ಕೊಡಲು ಒಪ್ಪಿದರು. ನಾನೂ ಒಪ್ಪಿದೆ. ಒಂದೇ ಷರತ್ತು ಹಾಕಿದೆ: ಮೊದಲು ಲೆಕ್ಕ ಆಗಬೇಕು, ಆ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿರಬೇಕು.

ಊರೂರು ತಿರುಗಿ ತಿನ್ನುವ ಯೋಚನೆ ಮಾಮೂಗೆ ಬಂದದ್ದು ಅಮೆರಿಕದವರ ವಿಡಿಯೋಗಳಿಂದ. ಅಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಬಾರ್ಬೆಕ್ಯೂ ಅಂಗಡಿಗಳನ್ನು ಹುಡುಕಿಕೊಂಡು ಜನ ನೂರಾರು ಮೈಲಿ ಕಾರು ಓಡಿಸುತ್ತಾರೆ. 'ಟೆಕ್ಸಾಸ್ ಮಂತ್ಲಿ' ಎಂಬ ಪತ್ರಿಕೆ ಅತ್ಯುತ್ತಮ 50 ಅಂಗಡಿಗಳ ಪಟ್ಟಿ ಪ್ರಕಟಿಸುತ್ತದೆ. ಲಾಕ್‌ಹಾರ್ಟ್ ಎಂಬ ಸಣ್ಣ ಊರಿಗೆ ಅಲ್ಲಿನ ಶಾಸನಸಭೆಯೇ 'ಬಾರ್ಬೆಕ್ಯೂ ರಾಜಧಾನಿ' ಎಂಬ ಬಿರುದು ಕೊಟ್ಟಿದೆ. ಅವರು ದನದ ಎದೆಭಾಗದ ದೊಡ್ಡ ತುಂಡನ್ನು ಕಡಿಮೆ ಶಾಖದ ಹೊಗೆಯಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಬೇಯಿಸುತ್ತಾರೆ. ನಮ್ಮ ಸೀಖ್ ಕಬಾಬ್ ಹತ್ತು ನಿಮಿಷದ ಕೆಲಸ. ಎರಡಕ್ಕೂ ಹೆಸರು ಬೇರೆ, ವೇಗ ಬೇರೆ. ಆದರೂ ಒಂದು ನೆಂಟಸ್ತಿಕೆ ಇದೆ. ಅದು ನಮ್ಮ ಬಳ್ಳಾರಿ ರಸ್ತೆಯ ಬದಿಯಲ್ಲೇ ಸಿಕ್ಕಿತು, ಮುಂದೆ ಹೇಳುತ್ತೇನೆ.

ಮೊದಲು ಕೆಂಡ ಏನು ಮಾಡುತ್ತದೆ ಎಂಬುದನ್ನು ತಿಳಿಯೋಣ. ಕಟ್ಟಿಗೆ ಉರಿಯುವಾಗ ಜ್ವಾಲೆ ಮತ್ತು ಹೊಗೆ ಹೆಚ್ಚು. ಇದ್ದಿಲು ಹಾಗಲ್ಲ, ಅದರಲ್ಲಿದ್ದ ನೀರು ಮತ್ತು ಹೊಗೆಯ ಅಂಶ ಮೊದಲೇ ಹೋಗಿರುತ್ತದೆ. ಅದು ನಿಗಿನಿಗಿ ಹೊಳೆಯುತ್ತಾ ಶಾಖವನ್ನು ಬೆಳಕಿನಂತೆ ನೇರವಾಗಿ ಮಾಂಸದ ಮೇಲೆ ಎಸೆಯುತ್ತದೆ. ಮಾಂಸದ ಮೇಲ್ಮೈಯಲ್ಲಿ ನೀರಿರುವ ತನಕ ಅದರ ಶಾಖ 100 ಡಿಗ್ರಿ ದಾಟುವುದಿಲ್ಲ. ನೀರು ಆರಿ, ಶಾಖ 140 ಡಿಗ್ರಿಯ ಮೇಲೆ ಹೋದಾಗ ಮಾಂಸದ ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಕೂಡಿ ಕಂದುಬಣ್ಣ ಮತ್ತು ಹುರಿದ ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದ, ಅವನ ಹೆಸರೇ ಈ ಕ್ರಿಯೆಗೆ ನಿಂತಿದೆ. ಎಣ್ಣೆಯಲ್ಲಿ ಕರಿದಾಗಲೂ ಇದು ನಡೆಯುತ್ತದೆ. ಹಾಗಾದರೆ ಕೆಂಡದಲ್ಲಿ ಹೆಚ್ಚಿಗೆ ಏನಿದೆ? ಕೊಬ್ಬು. ಕರಗಿದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ, ಚುರ್ ಎಂದು ಆವಿಯಾಗಿ, ಹೊಗೆಯಾಗಿ ಮೇಲೆದ್ದು ಅದೇ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ನಾವು ಬೀದಿಯ ಆ ತುದಿಯಲ್ಲಿ ನಿಂತು ಮೂಗರಳಿಸುವುದು ಈ ಹೊಗೆಗೆ. ಸಸ್ಯಾಹಾರಿ ಗೆಳೆಯರು ಮಾಂಸದ ಜಾಗದಲ್ಲಿ ಸುಟ್ಟ ಮೆಕ್ಕೆಜೋಳದ ತೆನೆಯನ್ನು ನೆನೆಸಿಕೊಂಡು ಓದಬಹುದು. ಕೊಬ್ಬಿನ ಹೊಗೆಯೊಂದನ್ನು ಬಿಟ್ಟರೆ ವಿಜ್ಞಾನ ಅದೇ, ಮೆಕ್ಕೆಜೋಳಕ್ಕೆ ನಮ್ಮ ಜಿಲ್ಲೆಯಲ್ಲಿ ಬರವೂ ಇಲ್ಲ.

ಕೆಂಡದ ಕಬಾಬಿಗೆ ಬಣ್ಣದ ಪುಡಿ ಬೇಕಾಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಬೆಂಕಿ ಕೊಟ್ಟ ಕಂದು, ಎರಡೇ ಸಾಕು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪ್ರಯೋಗಾಲಯಕ್ಕೆ ಕಳಿಸಿದ 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂದಿತ್ತು. ಹಾಗೆಂದು ಕೆಂಡ ಪೂರ್ತಿ ನಿರಪಾಯ ಎಂದೂ ತಿಳಿಯಬೇಡಿ. ಸುಟ್ಟು ಕರಕಲಾದ ಭಾಗದಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಪದಾರ್ಥಗಳಿರುತ್ತವೆ, ಅದನ್ನು ಕೆರೆದು ತೆಗೆಯಬೇಕು.

ಪ್ರಯಾಣದ ಮೊದಲ ರಾತ್ರಿ ಬೆಂಗಳೂರಿನ ಶಿವಾಜಿನಗರ. ಅಲ್ಲಿ ನೋಡಿದ್ದು ಸೀಖ್ ಕಬಾಬ್. ಇದಕ್ಕೆ ಮೆತ್ತನೆಯ ದುಬಾರಿ ಮಾಂಸ ಬೇಕಿಲ್ಲ. ಕತ್ತು, ಮುಂಗಾಲಿನ ಗಟ್ಟಿ ಮಾಂಸವನ್ನು ಕೊಬ್ಬಿನ ಜೊತೆ ಖೀಮಾ ಮಾಡಿದರೆ ಆಯಿತು. ಖೀಮಾ ಕಂಬಿಯಿಂದ ಜಾರದೆ ನಿಲ್ಲುವುದು ಹೇಗೆ ಎಂಬುದು ನನಗೆ ಮೊದಲಿಂದ ಇದ್ದ ಕುತೂಹಲ. ಗುಟ್ಟು ಉಪ್ಪು ಮತ್ತು ನಾದುವುದರಲ್ಲಿದೆ. ಉಪ್ಪು ಹಾಕಿ ಚೆನ್ನಾಗಿ ನಾದಿದಾಗ ಮಾಂಸದಿಂದ ಅಂಟಿನಂಥ ಪ್ರೋಟೀನ್ ಹೊರಬರುತ್ತದೆ. ಈರುಳ್ಳಿಯ ನೀರನ್ನು ಬಟ್ಟೆಯಲ್ಲಿ ಹಿಂಡಿ ತೆಗೆಯುತ್ತಾರೆ, ಉಳಿದ ತೇವಕ್ಕೆ ಹುರಿಗಡಲೆ ಪುಡಿ. ಖೀಮಾ ತಣ್ಣಗಿರಬೇಕು, ಕೈ ಒದ್ದೆಯಾಗಿರಬೇಕು. ಕಂಬಿಯೂ ದುಂಡಗಿರುವುದಿಲ್ಲ, ಚೌಕವಾಗಿಯೋ ಚಪ್ಪಟೆಯಾಗಿಯೋ ಇರುತ್ತದೆ. ದುಂಡಗಿದ್ದರೆ ಕಂಬಿ ತಿರುಗಿಸಿದಾಗ ಕಂಬಿ ಮಾತ್ರ ತಿರುಗಿ ಮಾಂಸ ಅಲ್ಲೇ ನಿಂತುಬಿಡುತ್ತದೆ. ಅಂಗಡಿಯವರು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ಪುರಸೊತ್ತಿನಲ್ಲಿರಲಿಲ್ಲ. ಕಂಬಿಗಳು ಒಂದು ಸಾಲು ಇಳಿಯುವುದರೊಳಗೆ ಇನ್ನೊಂದು ಸಾಲು ಏರುತ್ತಿತ್ತು. ಆಗ ಅದನ್ನು ಬರೀ ಗದ್ದಲ ಎಂದು ಬರೆದುಕೊಂಡೆ. ಅದರ ಅರ್ಥ ಬೀದರಿನಲ್ಲಿ ತಿಳಿಯಿತು.

ಇಲ್ಲಿ ಭಾಷೆಯ ಒಂದು ತಮಾಷೆ. ಬೆಂಗಳೂರಿನಿಂದ ನಾನು ನನ್ನ ಬೆಂಚಿನ ಗೆಳೆಯನಿಗೆ "ಮಾಮೂ ಸಿಗಡಿ ನೋಡುತ್ತಿದ್ದಾರೆ, ನಾನು ಬೋಟಿ ತಿನ್ನುತ್ತಿದ್ದೇನೆ" ಎಂದು ಸಂದೇಶ ಕಳಿಸಿದೆ. ಅವನ ಮನೆಮಾತು ಕನ್ನಡ. "ಸಮುದ್ರವಿಲ್ಲದ ಊರಲ್ಲಿ ಸಿಗಡಿಯಾ? ಕರುಳು ಬೇರೆ ತಿನ್ನುತ್ತೀಯಾ?" ಎಂದು ಕೇಳಿದ. ನಮ್ಮ ದಖ್ಖನಿ ಉರ್ದುವಿನಲ್ಲಿ ಸಿಗಡಿ ಎಂದರೆ ಕೆಂಡದ ಅಗ್ಗಿಷ್ಟಿಕೆ, ಬೋಟಿ ಎಂದರೆ ಮಾಂಸದ ತುಂಡು. ಈ ಲೇಖನದಲ್ಲಿ ಮುಂದೆಯೂ ಸಿಗಡಿ ಬರುತ್ತದೆ, ಮೀನು ಮಾರುಕಟ್ಟೆಯ ಸಿಗಡಿ ಅಲ್ಲವೆಂದು ನೆನಪಿಡಿ.

ಅನಂತಪುರ, ಕರ್ನೂಲು ದಾಟಿ ಎರಡನೆಯ ದಿನ ಸಂಜೆ ಹೈದರಾಬಾದ್ ಮುಟ್ಟಿದೆವು. ದಾರಿಯಲ್ಲಿ ಹಲಾಲ್ ಖಾತ್ರಿಯಿಲ್ಲದ ಕಡೆ ಮೊಸರನ್ನ, ಅಷ್ಟೇ ಸಾಕಾಗಿತ್ತು. ಹೈದರಾಬಾದಿನಲ್ಲಿ ಎಲ್ಲರೂ ಬಿರಿಯಾನಿಗೆ ಸಾಲು ನಿಂತರೆ ನಾವು 'ಪತ್ಥರ್ ಕಾ ಗೋಷ್ತ್' ಹುಡುಕಿದೆವು. ಹೆಸರೇ ಹೇಳುವಂತೆ ಕಲ್ಲಿನ ಮೇಲೆ ಬೇಯಿಸಿದ ಮಾಂಸ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಬೇಟೆಗೆ ಹೋದಾಗ ಕಂಬಿಗಳನ್ನು ತರುವುದು ಮರೆತುಹೋಗಿ, ಅಡುಗೆಯವರು ಬಂಡೆಯ ಚಪ್ಪಡಿಯನ್ನೇ ಕಾಯಿಸಿ ಮಾಂಸ ಬೇಯಿಸಿದರೆಂದು ಕತೆ ಹೇಳುತ್ತಾರೆ. ಅರಮನೆಯ ಕತೆಗಳಿಗೆಲ್ಲ ಇಂಥದ್ದೊಂದು ಮರೆವು ಇದ್ದೇ ಇರುತ್ತದೆ, ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು. ಆದರೆ ಹೈದರಾಬಾದ್ ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆ. ಕಲ್ಲಿಗೆ ಬರವಿಲ್ಲದ ಊರಿನವರು ಕಲ್ಲಿನಲ್ಲಿ ಅಡುಗೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ದಪ್ಪ ಗ್ರಾನೈಟ್ ಚಪ್ಪಡಿಯನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಅಡಿಯಲ್ಲಿ ಕೆಂಡ ತುಂಬಿದ್ದರು. ಚಪ್ಪಡಿ ನಿಧಾನವಾಗಿ ಕಾಯಬೇಕು. ಅವಸರ ಮಾಡಿದರೆ ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದು ಬಿರುಕು ಬಿಡುತ್ತದೆ. ಒಮ್ಮೆ ಕಾದರೆ ಮಾತ್ರ ಬೇಗ ಆರುವುದಿಲ್ಲ. ಮಾಂಸವನ್ನು ತೆಳ್ಳಗೆ ಕೊಯ್ದು, ಬಡಿದು, ಹಸಿ ಪಪ್ಪಾಯಿ, ಶುಂಠಿ ಬೆಳ್ಳುಳ್ಳಿ, ಕಾಳುಮೆಣಸು ಹಚ್ಚಿ ನೆನೆಸಿಟ್ಟಿರುತ್ತಾರೆ. ಪಪ್ಪಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ, ಅದು ಮಾಂಸದ ಗಟ್ಟಿ ಪ್ರೋಟೀನನ್ನು ಕತ್ತರಿಸುತ್ತದೆ. ಹಣ್ಣಾದ ಪಪ್ಪಾಯಿಯಲ್ಲಿ ಅದು ತೀರ ಕಡಿಮೆ, ಹಾಗಾಗಿ ಕಾಯಿಯೇ ಬೇಕು. ಹೆಚ್ಚು ಹೊತ್ತು ಬಿಟ್ಟರೆ ಮಾಂಸ ಮುದ್ದೆಯಾಗುತ್ತದೆ. ಕಲ್ಲಿನ ಮೇಲೆ ಕೊಬ್ಬು ಕೆಂಡಕ್ಕೆ ಬೀಳುವುದಿಲ್ಲ, ಹೊಗೆಯ ರುಚಿ ಕಡಿಮೆ. ಬದಲಿಗೆ ಮಾಂಸ ತನ್ನದೇ ಕೊಬ್ಬಿನಲ್ಲಿ ಹುರಿದುಕೊಳ್ಳುತ್ತದೆ. ನನಗೆ ಇಡೀ ಪ್ರವಾಸದಲ್ಲಿ ಅತ್ಯಂತ ರುಚಿಸಿದ್ದು ಇದೇ. ಮಾಮೂ ಒಪ್ಪಲಿಲ್ಲ, ಅವರಿಗೆ ಹೊಗೆಯೇ ಬೇಕು. ಮುಮಾನಿ ಮಧ್ಯಸ್ಥಿಕೆ ವಹಿಸಿ ಇನ್ನೊಂದು ಪ್ಲೇಟ್ ತರಿಸಿದರು.

ಮರುದಿನ ಮಧ್ಯಾಹ್ನ ಬರ್ಕಸ್. ಹೈದರಾಬಾದಿನ ದಕ್ಷಿಣಕ್ಕಿರುವ ಈ ಬಡಾವಣೆಯ ಹೆಸರು ಇಂಗ್ಲಿಷಿನ 'ಬ್ಯಾರಕ್ಸ್' ಎಂಬುದರಿಂದ ಬಂದದ್ದು. ನಿಜಾಮರ ಸೈನ್ಯದಲ್ಲಿ ಯಮನ್‌ನ ಹದ್ರಮೌತ್ ಪ್ರಾಂತದ ಅರಬರಿದ್ದರು, ಅವರ ವಂಶದವರು ಇಂದಿಗೂ ಇಲ್ಲಿದ್ದಾರೆ. ಮಂದಿ ಎಂಬ ಯಮನಿ ಅಡುಗೆ ಇಲ್ಲಿ ಬೀದಿಬೀದಿಗೂ ಸಿಗುತ್ತದೆ. ನೆಲದೊಳಗೆ ಕಟ್ಟಿದ ಬಾವಿಯಂಥ ಒಲೆಯ ತಳದಲ್ಲಿ ಕೆಂಡ, ಅದರ ಮೇಲೆ ಅಕ್ಕಿಯ ಪಾತ್ರೆ, ಅಕ್ಕಿಯ ಮೇಲೆ ಜಾಲರಿಯಲ್ಲಿ ಕುರಿಯ ತುಂಡುಗಳು, ಮೇಲೆ ಮುಚ್ಚಳ, ಗಾಳಿಯಾಡದಂತೆ ಬಿಗಿ. ಗಂಟೆಗಟ್ಟಲೆ ಹಾಗೇ ಬಿಡುತ್ತಾರೆ. ನಿಧಾನ ಶಾಖದಲ್ಲಿ ಮೂಳೆಯ ಸುತ್ತಲಿನ ಗಟ್ಟಿ ನಾರು ಕರಗಿ ಅಂಟಾಗುತ್ತದೆ. ಟೆಕ್ಸಾಸಿನವರು ಹನ್ನೆರಡು ಗಂಟೆ ಕಾಯುವುದೂ ಇದಕ್ಕೇ. ಐದು ದಿನಗಳಲ್ಲಿ ಅಮೆರಿಕದ ಬಾರ್ಬೆಕ್ಯೂಗೆ ಹತ್ತಿರವಾದದ್ದನ್ನು ತಿಂದೆವೆಂದರೆ ಇದೊಂದೇ.

ನನ್ನ ಪುಸ್ತಕದಲ್ಲಿ ಬರ್ಕಸ್‌ಗೆ ಎರಡು ಪುಟ ಹೋಗಿದೆ, ಅದಕ್ಕೆ ಕಾರಣ ರುಚಿ ಅಲ್ಲ. ಮಾಂಸ ಬೆಂದಾಗ ತೂಕ ಇಳಿಯುತ್ತದೆ, ನೀರೂ ಕೊಬ್ಬೂ ಹೊರಹೋಗುತ್ತವೆ. ಸೀಖ್ ಕಬಾಬಿನಲ್ಲಿ ಹೀಗೆ ಹೋದದ್ದು ಕೆಂಡಕ್ಕೆ ಅರ್ಪಣೆ, ವ್ಯಾಪಾರಿಗೆ ನಷ್ಟ. ಟೆಕ್ಸಾಸಿನ ಎದೆಮಾಂಸ ಹತ್ತಿರ ಹತ್ತಿರ ಅರ್ಧ ತೂಕ ಕಳೆದುಕೊಳ್ಳುತ್ತದೆ. ಮಂದಿಯಲ್ಲಿ ಮಾತ್ರ ತೊಟ್ಟಿಕ್ಕಿದ್ದೆಲ್ಲ ಅಕ್ಕಿಗೆ ಬೀಳುತ್ತದೆ, ಅಕ್ಕಿ ಅದನ್ನು ಹೀರಿಕೊಂಡು ತೂಕ ಹೆಚ್ಚಿಸಿಕೊಳ್ಳುತ್ತದೆ, ಆ ಅನ್ನಕ್ಕೆ ಗಿರಾಕಿ ದುಡ್ಡು ಕೊಡುತ್ತಾನೆ. ಮೇಲೆ ನಷ್ಟವಾದದ್ದು ಕೆಳಗೆ ಜಮಾ. ನಾವು ಐದು ಜನ ಒಂದೇ ದೊಡ್ಡ ತಟ್ಟೆಯ ಸುತ್ತ ನೆಲದ ಮೇಲೆ ಕೂತು ತಿಂದೆವು. ತಟ್ಟೆ ತೊಳೆಯುವ ಖರ್ಚೂ ಒಂದರದ್ದೇ ಎಂದು ನಾನು ಹೇಳಿದಾಗ ಮುಮಾನಿ, "ಬೇಟಾ, ಊಟದ ಹೊತ್ತಲ್ಲಾದರೂ ಬಿಸ್ಮಿಲ್ಲಾ ಹೇಳಿ ಸುಮ್ಮನೆ ತಿನ್ನು" ಎಂದರು.

ಜಹೀರಾಬಾದ್ ಮಾರ್ಗವಾಗಿ ಬೀದರಿಗೆ ಬಂದಾಗ ನಾಲ್ಕನೆಯ ದಿನ. ಮಹಮೂದ್ ಗವಾನನ ಮದರಸಾವನ್ನು ನೋಡದೆ ಹೋದರೆ ಇತಿಹಾಸದ ಉಪನ್ಯಾಸಕರು ಕ್ಷಮಿಸುವುದಿಲ್ಲವೆಂದು ನೋಡಿದೆವು. 1472ರ ಕಟ್ಟಡ, ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಸಂಜೆ ಒಂದು ತಳ್ಳುಗಾಡಿಯ ಮುಂದೆ ನಿಂತೆವು. ಸೀಖ್, ಕಲೇಜಿ, ತಂದೂರಿ ರೊಟ್ಟಿ, ಹೆಚ್ಚಿದ ಈರುಳ್ಳಿ, ಬೇರೇನಿಲ್ಲ. ಕಲೇಜಿ ಎಂದರೆ ಪಿತ್ತಜನಕಾಂಗ. ಅದು ಅಗ್ಗ, ಎರಡು ಮೂರು ನಿಮಿಷದಲ್ಲಿ ಆಗುತ್ತದೆ, ಒಂದು ನಿಮಿಷ ಹೆಚ್ಚಾದರೂ ಬೂಟಿನ ಅಟ್ಟೆಯಂತಾಗುತ್ತದೆ. ಉಸ್ತಾದರಿಗೆ ಅರುವತ್ತು ದಾಟಿರಬೇಕು. ಗಿರಾಕಿಗಳು ಕಡಿಮೆಯಿದ್ದರಿಂದ ಮಾತಿಗೆ ಸಿಕ್ಕರು. ಮಾಮೂ ಮಸಾಲೆಯ ಬಗ್ಗೆ ಕೇಳಿದರೆ ಅವರು ಮಸಾಲೆ ಬಿಟ್ಟು ಬೇರೆಯೇ ಹೇಳಿದರು: "ಆಗ್ ಖಾಲಿ ನೈಂ ಬೈಠ್ತಿ ಬಾವಾ." ಬೆಂಕಿ ಖಾಲಿ ಕೂರುವುದಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಎಣ್ಣೆಯ ಕಬಾಬ್ ಮಾರುವವನು ಗಿರಾಕಿ ಬಂದಾಗ ಗ್ಯಾಸ್ ಹೆಚ್ಚಿಸುತ್ತಾನೆ, ಹೋದಾಗ ತಗ್ಗಿಸುತ್ತಾನೆ, ಯಾರೂ ಇಲ್ಲದಿದ್ದರೆ ಆರಿಸುತ್ತಾನೆ. ಕೆಂಡ ಹಾಗಲ್ಲ. ಹೊತ್ತಿಸಿ, ಬೀಸಿ, ಮೇಲೆ ಬೂದಿಯ ತೆಳುಪದರ ಬಂದು ಹದವಾಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ಗಿರಾಕಿ ಬರುವ ಮೊದಲೇ ಹೊತ್ತಿಸಬೇಕು, ಕೊನೆಯ ಗಿರಾಕಿ ಹೋಗುವ ತನಕ ಉಳಿಸಬೇಕು. ಹತ್ತು ಕಂಬಿ ಮಾರಿದರೂ ನೂರು ಕಂಬಿ ಮಾರಿದರೂ ಸಂಜೆ ಐದರಿಂದ ರಾತ್ರಿ ಹನ್ನೊಂದರ ತನಕ ಅದು ಉರಿದೇ ಉರಿಯುತ್ತದೆ. ನಮ್ಮ ಅರ್ಥಶಾಸ್ತ್ರದ 'ಉತ್ಪಾದನೆ ಮತ್ತು ವೆಚ್ಚ' ಪಾಠದಲ್ಲಿ ಓದುತ್ತೇವಲ್ಲ, ಉತ್ಪಾದನೆ ಹೆಚ್ಚು ಕಡಿಮೆಯಾದರೂ ಬದಲಾಗದ್ದು ಸ್ಥಿರ ವೆಚ್ಚ, ಉತ್ಪಾದನೆಯ ಜೊತೆ ಏರಿಳಿಯುವುದು ಬದಲಾಗುವ ವೆಚ್ಚ. ಅಲ್ಲಿ ಇಂಧನವನ್ನು ಬದಲಾಗುವ ವೆಚ್ಚ ಎಂದು ಕಣ್ಣುಮುಚ್ಚಿ ಬರೆಯುತ್ತಿದ್ದೆ. ಗ್ಯಾಸಿಗೆ ಅದು ಸರಿ. ಕೆಂಡದ ಮಟ್ಟಿಗೆ ಇಂಧನವೂ ಬಾಡಿಗೆಯ ಪಕ್ಕದಲ್ಲೇ ಕೂರಬೇಕಾದ ಸ್ಥಿರ ವೆಚ್ಚ.

ಶಿವಾಜಿನಗರದ ಗದ್ದಲಕ್ಕೆ ಅರ್ಥ ಸಿಕ್ಕಿದ್ದು ಇಲ್ಲಿ. ಕೆಂಡಕ್ಕೆ ಜನಸಂದಣಿ ಬೇಕು. ಮಾರುಕಟ್ಟೆಯ ಬಾಯಲ್ಲಿ, ದೊಡ್ಡ ಮಸೀದಿಯ ರಸ್ತೆಯಲ್ಲಿ, ರಮಜಾನಿನ ಮೂವತ್ತು ರಾತ್ರಿಗಳಲ್ಲಿ ಅದು ಬದುಕುತ್ತದೆ. ಸಂಜೆಗೆ ನಲವತ್ತು ಗಿರಾಕಿ ಬರುವ ಊರಿನ ಮೂಲೆಯಲ್ಲಿ ಎಣ್ಣೆಯ ಬಾಣಲೆಯೇ ಬುದ್ಧಿವಂತಿಕೆ. ನಾನಿ ಇದನ್ನು ಜನರ ನಾಲಿಗೆ ಕೆಟ್ಟಿದೆ ಎಂದು ಕರೆಯುತ್ತಾರೆ. ನಾನು ನಾಲಿಗೆಯ ತಪ್ಪೇನೂ ಇಲ್ಲವೆನ್ನುತ್ತೇನೆ.

ಕಲಬುರಗಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೋಗಿ, ಊರಿನ ಹೆಸರುವಾಸಿ ತಹರಿ ತಿಂದು ಹೊರಟೆವು. ತಹರಿಗೆ ಕೆಂಡದ ಗೊಡವೆಯಿಲ್ಲ, ಹಂಡೆಯಲ್ಲಿ ಅನ್ನ ಮಾಂಸ ಒಟ್ಟಿಗೆ ಬೇಯುತ್ತದೆ, ಮುಗಿಯಿತೆಂದರೆ ಅಂಗಡಿ ಮುಚ್ಚುತ್ತಾರೆ. ವ್ಯಾಪಾರವಾಗಿ ನೋಡಿದರೆ ನನಗದು ಬಹಳ ನೆಮ್ಮದಿಯ ಕಸುಬಾಗಿ ಕಂಡಿತು. ಮಾಮೂಗೆ ಹೇಳಲಿಲ್ಲ.

ವಿಜಯಪುರ ದಾಟಿ ಹೊಸಪೇಟೆಯ ಕಡೆ ಇಳಿಯುವಾಗ ರಸ್ತೆಯ ಎರಡೂ ಬದಿಗೆ ಜಾಲಿ. ಇದೇ ನಾನು ಹೇಳಿದ ನೆಂಟಸ್ತಿಕೆ. ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ ಬಳ್ಳಾರಿಯದ್ದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯದು. ಒಣ ಭೂಮಿಯಲ್ಲಿ ಸೌದೆಗಾಗಲಿ ಎಂದು 19ನೇ ಶತಮಾನದಲ್ಲಿ ತಂದು ಬಿತ್ತಿದರು. ಅದು ಗೋಮಾಳ, ಕೆರೆಯಂಗಳ, ಹೊಲದ ಬದು ಯಾವುದನ್ನೂ ಬಿಡದೆ ಹಬ್ಬಿತು. ಟೆಕ್ಸಾಸಿನವರು ಮಾಂಸ ಸುಡಲು ಬಳಸುವ ಮೆಸ್ಕೀಟ್ ಎಂಬ ಮರ ಇದೇ ಕುಲದ್ದು. ಅಲ್ಲಿ ಹೆಸರು ಹೇಳಿ ಮಾರುವ ಸೌದೆಯ ತಮ್ಮ ಇಲ್ಲಿ ರೈತರ ಬೈಗುಳ ತಿನ್ನುತ್ತಾ ನಿಂತಿದ್ದಾನೆ.

ಜಾಲಿಯ ಕಟ್ಟಿಗೆ ಗಟ್ಟಿ, ಭಾರ. ಅದರ ಇದ್ದಿಲೂ ಹಾಗೆಯೇ, ಹೆಚ್ಚು ಹೊತ್ತು ಸಮನಾಗಿ ಉರಿಯುತ್ತದೆ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಕಡೆ ಮಣ್ಣಿನ ಗುಡ್ಡೆಯಿಂದ ಹೊಗೆ ಬರುವುದನ್ನು ಕಂಡು ಇಳಿದೆವು. ಕಟ್ಟಿಗೆ ಪೇರಿಸಿ, ಮೇಲೆ ಎಲೆ ಸೊಪ್ಪು, ಅದರ ಮೇಲೆ ಮಣ್ಣು ಮುಚ್ಚಿ ಒಳಗೆ ಬೆಂಕಿ ಕೊಟ್ಟಿರುತ್ತಾರೆ. ಗಾಳಿ ಸಾಲದೆ ಕಟ್ಟಿಗೆ ಉರಿಯುವುದಿಲ್ಲ, ಬೇಯುತ್ತದೆ. ದಿನಗಟ್ಟಲೆ ಹಗಲೂ ರಾತ್ರಿ ಕಾಯಬೇಕು. ಎಲ್ಲಾದರೂ ಮಣ್ಣು ಕುಸಿದು ಗಾಳಿ ನುಗ್ಗಿದರೆ ಕಟ್ಟಿಗೆಯೆಲ್ಲ ಬೂದಿ. ನಾಲ್ಕೈದು ಕೆಜಿ ಕಟ್ಟಿಗೆಗೆ ಒಂದು ಕೆಜಿ ಇದ್ದಿಲು ಬಂದರೆ ಪುಣ್ಯ. ಅಲ್ಲಿ ಕೆಲಸ ಮಾಡುತ್ತಿದ್ದ ಗಂಡ ಹೆಂಡತಿ ಇಬ್ಬರ ಕಣ್ಣೂ ಕೆಂಪಾಗಿದ್ದವು. ಅವರ ಕೈಗೆ ಸಿಗುವ ದರ ಕೇಳಿದ ಮೇಲೆ ಮಾಮೂ ಚೌಕಾಸಿ ಮಾಡಲಿಲ್ಲ, ಎರಡು ಚೀಲ ಹಾಕಿಸಿಕೊಂಡರು. ನಮ್ಮ ಕಡೆ ತಿಪಟೂರಿನಿಂದ ಬರುವ ತೆಂಗಿನ ಚಿಪ್ಪಿನ ಇದ್ದಿಲೂ ಚೆನ್ನಾಗಿ ಕಾಯುತ್ತದೆ. ಆದರೆ ನೀರು ಶುದ್ಧಮಾಡುವ ಇಂಗಾಲ ತಯಾರಿಸುವ ಕಾರ್ಖಾನೆಗಳಿಗೂ ಅದೇ ಬೇಕು. ಕಬಾಬಿನವನು ಅವರ ಜೊತೆ ಬೆಲೆಯಲ್ಲಿ ಸ್ಪರ್ಧಿಸಬೇಕಾಗುತ್ತದೆ.

ಮನೆಗೆ ಬಂದು ಅಮ್ಮಿಯ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಮಾಳಿಗೆಯ ಮೇಲೆ ಪ್ರಯೋಗ ಮಾಡಿದೆವು. (ಇದನ್ನು ಓದಿ ಹಾಸ್ಟೆಲ್ ಕೋಣೆಯಲ್ಲಿ ಯಾರೂ ಕೆಂಡ ಹೊತ್ತಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.) ಒಂದು ಕೆಜಿ ಮಟನ್ ಖೀಮಾ 900 ರೂಪಾಯಿ, ಮಸಾಲೆ, ಈರುಳ್ಳಿ, ಹುರಿಗಡಲೆಗೆ 60. ಒಟ್ಟು 1,150 ಗ್ರಾಂ ಆಯಿತು, ಅದರಲ್ಲಿ 16 ಕಂಬಿ. ಸುಟ್ಟ ಮೇಲೆ ತೂಗಿದರೆ ಸುಮಾರು 800 ಗ್ರಾಂ, ಅಂದರೆ ಶೇಕಡ 30ರಷ್ಟು ಗಾಳಿಗೆ. ಒಂದು ಕಂಬಿಗೆ 60 ರೂಪಾಯಿ, ಚಟ್ನಿ, ಈರುಳ್ಳಿ, ಕಾಗದ ಸೇರಿ 66. ನಮ್ಮ ಊರಿನಲ್ಲಿ 90ಕ್ಕಿಂತ ಹೆಚ್ಚು ಕೇಳಿದರೆ ಗಿರಾಕಿ ಪಕ್ಕದ ಬಾಣಲೆಗೆ ಹೋಗುತ್ತಾನೆ. ಹಾಗಾಗಿ ಕಂಬಿಗೆ ಉಳಿಯುವುದು 24.

ಮಾಮೂ ನೋಡಿಟ್ಟಿದ್ದ ಅಂಗಡಿಗೆ ದಿನದ ಸ್ಥಿರ ವೆಚ್ಚ ಹೀಗಿತ್ತು: ಬಾಡಿಗೆ 500, ಉಸ್ತಾದ್ 1,000, ಸಹಾಯಕ 500, ಹತ್ತು ಕೆಜಿ ಇದ್ದಿಲು 400. ಒಟ್ಟು 2,400. ಇದನ್ನು 24ರಿಂದ ಭಾಗಿಸಿದರೆ 100. ಅಂದರೆ ಪ್ರತಿ ಸಂಜೆ ನೂರು ಕಂಬಿ ಮಾರಿದಾಗ ನಷ್ಟವೂ ಇಲ್ಲ, ಲಾಭವೂ ಇಲ್ಲ. ನೂರ ಒಂದನೆಯ ಕಂಬಿಯಿಂದ ಮಾಮೂಗೆ ಏನಾದರೂ ಸಿಗುತ್ತದೆ, ನನ್ನ ಕೋಚಿಂಗ್ ಫೀಜು ಮರಳುವ ದಾರಿಯೂ ಅಲ್ಲಿಂದಲೇ ಶುರು. ಕೋಳಿಯ ಸೀಖ್ ಹಾಕಿ ನೋಡಿದೆ: ಖರ್ಚು 30, ಬೆಲೆ 50, ಉಳಿಯುವುದು 20, ಆಗ 120 ಕಂಬಿ ಬೇಕು. ಶುಕ್ರವಾರ, ಭಾನುವಾರ ಇದು ಆದೀತು. ಮಂಗಳವಾರ ಮಳೆ ಬಂದರೆ?

ಮಾಮೂ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರೇ ಅಂಗಡಿ ಬೇಡ, ತಳ್ಳುಗಾಡಿ ಸಾಕು, ವಾರಕ್ಕೆ ನಾಲ್ಕೇ ಸಂಜೆ, ಗುರುವಾರದಿಂದ ಭಾನುವಾರದ ತನಕ ಎಂದರು. ಉಸ್ತಾದ್ ಇಲ್ಲ, ಕಂಬಿ ತಾವೇ ಹಿಡಿಯುತ್ತಾರೆ. ಆದರೆ ತಮ್ಮ ದುಡಿಮೆಗೆ ಕೂಲಿ ಬರೆಯಬೇಡ ಎಂದು ಪಟ್ಟು ಹಿಡಿದರು. "ನನ್ನ ಕೈಗೆ ನಾನೇ ಸಂಬಳ ಕೊಡಬೇಕಾ?" ಕೊಡಬೇಕು ಎಂದು ನಾನೂ ಬಿಡಲಿಲ್ಲ. ಆ ಸಂಜೆ ಬೇರೆಲ್ಲಾದರೂ ಗಾಡಿ ಓಡಿಸಿದ್ದರೆ 800 ಸಿಗುತ್ತಿತ್ತು. ಅದನ್ನು ಬಿಟ್ಟು ಲಾಭ ಎಂದರೆ ಅದು ಲಾಭವಲ್ಲ, ಅವರದೇ ಬೆವರು. ಕೊನೆಗೆ ಅಬ್ಬಾ ನನ್ನ ಪರ ನಿಂತರು. 800 ಬರೆದೆವು, ಸಹಾಯಕನಿಗೆ 450, ಇದ್ದಿಲು 250, ಇತರೆ 100. ಒಟ್ಟು 1,600. ಈಗ 67 ಕಂಬಿ ಸಾಕು.

ಇದ್ದಿಲು 400ರಿಂದ 250ಕ್ಕೆ ಇಳಿದದ್ದು ಬೀದರಿನ ಗಾಡಿಯಿಂದ ಕಲಿತದ್ದು. ಅಲ್ಲಿನ ಸಿಗಡಿಯ ನಡುವೆ ಎಳೆದು ತೆಗೆಯಬಹುದಾದ ಒಂದು ತಗಡಿನ ಅಡ್ಡಗೋಡೆ ಇತ್ತು. ಜನ ಕಡಿಮೆಯಿದ್ದಾಗ ಉಸ್ತಾದರು ಅರ್ಧ ಸಿಗಡಿಯಲ್ಲಿ ಮಾತ್ರ ಕೆಂಡ ಇಡುತ್ತಿದ್ದರು, ಗಿರಾಕಿ ಹೆಚ್ಚಿದಂತೆ ತಗಡು ತೆಗೆದು ಕೆಂಡವನ್ನು ಆಚೆ ಬದಿಗೆ ಹರಡುತ್ತಿದ್ದರು. ನಮ್ಮ ಸಿಗಡಿ ಈಗ ವೆಲ್ಡಿಂಗ್ ಅಂಗಡಿಯಲ್ಲಿದೆ. ಮೂರೂವರೆ ಅಡಿ ಉದ್ದ, ಮಾಮೂ ಹೇಳಿದ್ದಕ್ಕಿಂತ ಒಂದು ಅಡಿ ಕಡಿಮೆ, ನಡುವೆ ತಗಡು ಜಾರಿಸಲು ಎರಡು ಗಾಡಿ ಕೊರೆದಿದ್ದಾರೆ. ಮುಂಗಡ ಕೊಟ್ಟ 2,000 ರೂಪಾಯಿಯನ್ನು ಖರ್ಚಿನ ಕಡೆ ಬರೆದಿದ್ದೇನೆ, ಉಳಿದದ್ದು ಸಿಗಡಿ ಮನೆಗೆ ಬಂದ ದಿನ.